‘ಆವತ್ತು ಹಾಕಿಸಿದ ಸೂಜಿಯಿಂದಲಾ ಅಕ್ಕ?’

2025ರ ಜುಲೈ ಮೊದಲ ವಾರ ನಮ್ಮೂರಲ್ಲಿ ಮಳೆ, ಕಬ್ಬು, ನಾಲೆ ನೀರಿನ ಮಾತೆಲ್ಲ ಹಿಂದೆ ಸರಿದಿತ್ತು. ಯಾರ ಮನೆಗೆ ಹೋದರೂ ಹಾರ್ಟ್ ಅಟ್ಯಾಕ್ ಸುದ್ದಿಯೇ. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದೊಳಗೆ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಬರುತ್ತಿತ್ತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಹಾಸನ ನಮಗೆ ಪಕ್ಕದ ಜಿಲ್ಲೆ. ಚನ್ನರಾಯಪಟ್ಟಣದ ಕಡೆಗೆ ಹೆಣ್ಣು ಕೊಟ್ಟವರು, ಅಲ್ಲಿಂದ ಹೆಣ್ಣು ತಂದವರು ನಮ್ಮೂರಲ್ಲಿ ಎಷ್ಟೋ ಜನ.

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೊರೊನಾ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಅನ್ನುವ ಅರ್ಥದಲ್ಲಿ ಬರೆದರು. ತಜ್ಞರ ಸಮಿತಿಯಿಂದ ವರದಿಯನ್ನೂ ಕೇಳಿದರು. ಮಾರನೇ ದಿನ ಕೇಂದ್ರ ಆರೋಗ್ಯ ಇಲಾಖೆ, ಲಸಿಕೆಗೂ ದಿಢೀರ್ ಸಾವಿಗೂ ಸಂಬಂಧವಿಲ್ಲ ಅಂತ ಹೇಳಿಕೆ ಕೊಟ್ಟಿತು. ಔಷಧ ಕಂಪನಿ ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರೂ, ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟರು ಅನ್ನುವುದು ಸರಿಯಲ್ಲ ಅಂತ ಬರೆದರು. ಇವರೆಲ್ಲ ಮಾತಾಡಿದ್ದು ಬೆಂಗಳೂರಲ್ಲಿ, ದೆಹಲಿಯಲ್ಲಿ. ಆ ಪ್ರಶ್ನೆ ಮಾತ್ರ ನೆಟ್ಟಗೆ ನಮ್ಮ ಮನೆ ಬಾಗಿಲಿಗೆ ಬಂತು.

ಯಾಕೆಂದರೆ ನಾನು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. 2021ರಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ತಿರುಗಿ ಜನರನ್ನು ಸೂಜಿಗೆ ಕರೆತಂದವಳು.

ಆ ದಿನಗಳನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕೋವಿಶೀಲ್ಡ್ ಒಂದು ಬಾಟಲಿ ಅಂದರೆ 10 ಜನಕ್ಕೆ, ಒಬ್ಬೊಬ್ಬರಿಗೆ ಅರ್ಧ ಎಂಎಲ್. ಬಾಟಲಿ ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಉಳಿದದ್ದು ದಂಡ. ಅದಕ್ಕೇ ಸಿಸ್ಟರ್ ಹತ್ತು ಜನ ಸೇರುವವರೆಗೂ ಕಾಯುತ್ತಿದ್ದರು. ಏಳು ಜನ ಬಂದು ಕೂತಿದ್ದರೆ ಇನ್ನು ಮೂವರನ್ನು ಹುಡುಕಿ ತರುವ ಕೆಲಸ ನಮ್ಮದು. ಗದ್ದೆ ಬದುವಿನ ಮೇಲೆ ನಿಂತು, ನಾಟಿ ಹಾಕುತ್ತಿದ್ದ ಹೆಂಗಸರನ್ನು ಕೂಗಿ ಕರೆದಿದ್ದೇನೆ. ‘ಕೈ ನೋವು ಬಂದ್ರೆ ನಾಳೆ ನಾಟಿ ಯಾರ್ ಹಾಕ್ತಾರೆ ಟೀಚರಮ್ಮ?’ ಅಂತ ಅವರು ಅಲ್ಲಿಂದಲೇ ಕೇಳುತ್ತಿದ್ದರು. ಕೂಲಿ ಹೋಗುತ್ತದೆ ಅನ್ನುವ ಚಿಂತೆ ಅದು. ಓದಿದವರು ಅದನ್ನೂ ಮೂಢನಂಬಿಕೆಯ ಲೆಕ್ಕಕ್ಕೆ ಹಾಕಿಬಿಟ್ಟರು.

ಸೂಜಿ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರಂತೆ, ಮಕ್ಕಳಾಗುವುದಿಲ್ಲವಂತೆ ಅಂತ ಫೋನಿನಲ್ಲಿ ಸುದ್ದಿ ಹರಿದಾಡುತ್ತಿತ್ತು. ಇನ್ನೊಂದು ಕಡೆ, ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಅನ್ನುವ ಮಾತು ಪಕ್ಕದ ಚಾಮರಾಜನಗರ ಜಿಲ್ಲೆಯಿಂದ ಬಂತು. ನನಗೆ ಆಗಲೂ ಅದು ಸರಿ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಕ್ಕಿ ತೋರಿಸಿ ಹೆದರಿಸಿದರೆ ಜನ ತೋಳು ಕೊಡಬಹುದು, ನಂಬಿಕೆ ಕೊಡುವುದಿಲ್ಲ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಕೂಡ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಹೇಳಿತು. ಸರ್ಕಾರದ ಲಸಿಕೆ ನೀತಿ ತಪ್ಪು ಅಂತ ಆ ತೀರ್ಪು ಹೇಳಲಿಲ್ಲ. ಆದರೆ ಲಸಿಕೆಯಿಂದ ತೊಂದರೆಯಾದವರ ವಿವರವನ್ನು ಜನರ ಮುಂದೆ ಇಡಬೇಕು ಅಂತ ಸೂಚಿಸಿತು. ಅದು ನನಗೆ ಬಹಳ ಮುಖ್ಯ ಅನ್ನಿಸಿತು.

ಹಾಗಾದರೆ ನಾನು ಯಾಕೆ ಅಷ್ಟು ತಿರುಗಿದೆ? 2021ರ ಮೇ ತಿಂಗಳನ್ನು ನೋಡಿದ್ದರಿಂದ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದು ದಿನದೊಳಗೆ 24 ಮಂದಿ ತೀರಿಕೊಂಡರು. ಅದೇ ತಿಂಗಳು ನಮ್ಮ ದೊಡ್ಡಪ್ಪ ಹೋದರು. ಬೆಡ್‌ಗಾಗಿ ಫೋನ್ ಮಾಡಿ ಮಾಡಿ ಸಾಕಾಗಿ, ಕೊನೆಗೆ ಸಿಕ್ಕಾಗ ಹೊತ್ತು ಮೀರಿತ್ತು. ಮುಖ ನೋಡಲಿಕ್ಕೂ ಬಿಡಲಿಲ್ಲ. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಕೇಂದ್ರ ಸರ್ಕಾರ ಉಚಿತ ಲಸಿಕೆ ಶುರು ಮಾಡಿದ ಮೇಲೆ, ನಾನು ಮೊದಲು ಕರೆದುಕೊಂಡು ಹೋಗಿದ್ದು ನನ್ನ ತಮ್ಮನನ್ನು.

ಅದೇ ತಮ್ಮ ನಾಲ್ಕು ವರ್ಷದ ನಂತರ ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ, ‘ಆವತ್ತು ಹಾಕಿಸಿದ ಸೂಜಿಯಿಂದಲಾ ಅಕ್ಕ?’

ಅವನು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಮೂವತ್ತೆಂಟು ವಯಸ್ಸು. ಎಡಗೈ ಜೋಮು ಹಿಡಿದಂತಾಗುತ್ತದೆ, ರಾತ್ರಿ ಎದೆ ಡವಡವ ಅನ್ನುತ್ತದೆ ಅಂದ. ಅವನ ಹೆಂಡತಿ ಅದಕ್ಕೂ ಮುಂಚೆಯೇ ನನಗೆ ಫೋನ್ ಮಾಡಿದ್ದಳು. ‘ಅತ್ತಿಗೆ, ರಾತ್ರಿಯೆಲ್ಲ ಎದ್ದು ಕೂತ್ಕೋತಾರೆ. ಫೋನಲ್ಲಿ ಅದನ್ನೇ ನೋಡ್ತಾರೆ. ಮಕ್ಕಳನ್ನ ಎಬ್ಬಿಸಿ ಹತ್ರ ಮಲಗಿಸ್ಕೋತಾರೆ.’ ಹೆದರಬೇಡ, ಏನೂ ಆಗಲ್ಲ ಅಂತ ನಾನು ಸುಮ್ನೆ ಹೇಳಬಹುದಿತ್ತು. ಆದರೆ ಅವತ್ತು ಹಾಕಿಸಿಕೋ ಅಂತ ಕರೆದವಳು ನಾನೇ ಆದ ಮೇಲೆ, ಇವತ್ತು ಅವನ ಜೊತೆ ಹೋಗಿ ಉತ್ತರ ಕೇಳುವುದೂ ನನ್ನ ಕೆಲಸವೇ ಅಲ್ವಾ? ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗೋಣ ನಡಿ ಅಂದೆ.

ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆವು. ಶ್ರೀರಂಗಪಟ್ಟಣ ದಾಟುವುದರೊಳಗೆ ಬಸ್ಸಿನಲ್ಲೇ ಗೊತ್ತಾಯಿತು, ಅರ್ಧ ಬಸ್ಸು ಅಲ್ಲಿಗೇ ಹೊರಟಿದೆ ಅಂತ. ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು ಸಿಟಿ ಬಸ್ಸು ಹಿಡಿದು ಕೆಆರ್‌ಎಸ್ ರಸ್ತೆಗೆ ಬಂದರೆ, ಆಸ್ಪತ್ರೆ ಮುಂದೆ ಜಾತ್ರೆಯಷ್ಟು ಜನ. ಆ ವಾರ ಪತ್ರಿಕೆಗಳಲ್ಲೂ ಅದರ ಫೋಟೋ ಬಂದಿತ್ತು. ಗಾಬರಿ ಬೀಳಬೇಡಿ, ತೊಂದರೆ ಇಲ್ಲದವರು ಸುಮ್ಮನೆ ಬಂದು ನೂಕುನುಗ್ಗಲು ಮಾಡಬೇಡಿ ಅಂತ ವೈದ್ಯರು ಕೇಳಿಕೊಳ್ಳುತ್ತಿದ್ದರು. ಆದರೆ ರಾತ್ರಿ ನಿದ್ದೆ ಬಾರದವನಿಗೆ ಆ ಮಾತು ಎಲ್ಲಿ ಕೇಳಿಸಬೇಕು?

ಸಾಲಿನಲ್ಲಿ ನಿಂತವರೆಲ್ಲ ಅದೇ ಚರ್ಚೆ. ಹುಣಸೂರಿನ ಕಡೆಯ ಹೊಗೆಸೊಪ್ಪು ಬೆಳೆಗಾರರೊಬ್ಬರು ನಮ್ಮ ಮುಂದೆ ಇದ್ದರು. ‘ನಂಗೆ ಕೊರೊನಾ ಬಂದು ಆಸ್ಪತ್ರೇಲಿ ಮಲಗಿದ್ದೆ. ಆಮೇಲೆ ಎರಡು ಡೋಸೂ ಹಾಕಿಸ್ದೆ. ಈಗ ಎದೆ ಹಿಡ್ಕೊಂಡ್ರೆ ಯಾವುದರಿಂದ ಅಂತ ಹೇಳ್ಲಿ ತಾಯಿ?’ ಅಂದರು. ಎಷ್ಟು ಸರಿಯಾದ ಪ್ರಶ್ನೆ! ಬಂದ ರೋಗ, ಹಾಕಿಸಿದ ಲಸಿಕೆ, ಮೊದಲಿಂದ ಇದ್ದ ಕಾಯಿಲೆ, ಸೇದಿದ ಬೀಡಿ ಎಲ್ಲವೂ ಒಂದೇ ದೇಹದಲ್ಲಿ ಇರುವಾಗ ಯಾವುದರ ಮೇಲೆ ಬೆರಳಿಡುವುದು? ಅದನ್ನು ಬಿಡಿಸಿ ನೋಡಬೇಕಾದರೆ ಸಾವಿರಾರು ಜನರ ಲೆಕ್ಕ ಬೇಕು, ಒಬ್ಬರನ್ನು ನೋಡಿ ಹೇಳಲಾಗುವುದಿಲ್ಲ ಅಂತ ನನಗೆ ತಿಳಿದದ್ದು ಆಮೇಲೆ.

ಇಸ್ತ್ರಿ ಶರ್ಟು ಹಾಕಿಕೊಂಡಿದ್ದ ಒಬ್ಬರು ಅವರ ಮಾತು ಕೇಳಿ ನಕ್ಕರು. ‘ವಾಟ್ಸ್ಆ್ಯಪ್ ಯೂನಿವರ್ಸಿಟಿ’ ಅಂದರು. ಬೆಳೆಗಾರರು ಮುಖ ಕೆಳಗೆ ಹಾಕಿದರು. ನನಗೆ ಹೊಟ್ಟೆ ಉರಿಯಿತು. ನಕ್ಕವರಿಗೆ ಉತ್ತರ ಗೊತ್ತಿದ್ದರೆ ಹೇಳಬಹುದಿತ್ತು, ಹೇಳಲಿಲ್ಲ. ಇಂಥ ಒಂದೊಂದು ನಗೆಯೂ ಜನರನ್ನು ಮತ್ತೆ ಆ ಫೋನಿನ ಕಡೆಗೇ ತಳ್ಳುತ್ತದೆ. ಅಲ್ಲಿ ಯಾರೂ ನಗುವುದಿಲ್ಲ, ಪಾಪ ಅಂತ ಮಾತಾಡಿಸುತ್ತಾರೆ, ಆಮೇಲೆ ಸುಳ್ಳು ಹೇಳುತ್ತಾರೆ.

ನಮ್ಮ ಹಿಂದೆ ವಯಸ್ಸಾದ ಅಮ್ಮ ಒಬ್ಬರಿದ್ದರು, ಜೊತೆಗೆ ಮೊಮ್ಮಗ. ಕಾಲು ಊದಿಕೊಂಡಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅವರು ಹಳೇ ರೋಗಿ, ವಾಲ್ವ್ ತೊಂದರೆಗೆ ತೋರಿಸಿಕೊಳ್ಳಲು ಬಂದವರು. ಉಳಿದ ದಿನಗಳಲ್ಲಾದರೆ ಬೇಗ ಮುಗಿಯುತ್ತಿತ್ತಂತೆ. ಅವರಿಗೆ ನಮ್ಮ ಜಾಗ ಬಿಟ್ಟುಕೊಟ್ಟೆವು, ಮುಂದಿನವರೂ ಬಿಟ್ಟರು. ಆದರೂ ಮನಸ್ಸಿಗೆ ಕಷ್ಟ ಆಯಿತು. ಹೆದರಿಕೆಯಿಂದ ಬಂದ ನಮ್ಮಂಥ ನೂರಾರು ಜನರ ಹಿಂದೆ, ನಿಜವಾಗಿ ಆಸ್ಪತ್ರೆ ಬೇಕಾದವರು ನಿಂತಿದ್ದರು. ಮುಖ್ಯಮಂತ್ರಿಯಿಂದ ಹಿಡಿದು ಟಿವಿಯವರವರೆಗೆ, ದೊಡ್ಡ ಜಾಗದಲ್ಲಿ ಕೂತು ‘ಇರಬಹುದು’ ಅನ್ನುವವರು ಇಂಥ ಸಾಲನ್ನು ಒಂದು ಸಲ ಬಂದು ನೋಡಬೇಕು.

ಚೀಟಿ ಮಾಡಿಸಿ, ಬಿಪಿ ನೋಡಿಸಿ, ಇಸಿಜಿಗೆ ಕೂತೆವು. ಗಂಡಸರ ಕಡೆ ಪರದೆ ಅರ್ಧ ಸರಿದಿತ್ತು, ನಾನು ಹೊರಗಿನಿಂದಲೇ ನೋಡುತ್ತಿದ್ದೆ. ತಮ್ಮ ಶರ್ಟು ಬಿಚ್ಚಿ ಮಲಗಿದ. ತಣ್ಣನೆಯ ಜೆಲ್ ಸವರಿ, ಎದೆಯ ಮೇಲೆ ಆರು ರಬ್ಬರ್ ಬುರುಡೆ ಒತ್ತಿ ಕೂರಿಸಿದರು. ಎರಡು ಮಣಿಕಟ್ಟು, ಎರಡು ಕಾಲಿಗೆ ಕ್ಲಿಪ್ಪು. ‘ಅಲ್ಲಾಡಬೇಡಿ, ಮಾತಾಡಬೇಡಿ’ ಅಂದರು. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಮೊದಲ ಸಲದ ಗೆರೆ ಹಾಳಾಗಿ, ಇನ್ನೊಮ್ಮೆ ತೆಗೆದರು. ಅರಿಶಿನ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಹುಡುಗ ಅವನು. ಗುಲಾಬಿ ಬಣ್ಣದ ಆ ಕಾಗದ ಕೈಗೆ ಬಂದಾಗ, ‘ಇದ್ರಲ್ಲಿ ಸೂಜಿದು ಗೊತ್ತಾಗ್ತದಾ?’ ಅಂತ ಟೆಕ್ನಿಷಿಯನ್ನನ್ನೇ ಕೇಳಿಬಿಟ್ಟ. ಅವರು ಪಾಪ, ಡಾಕ್ಟರನ್ನ ಕೇಳಿ ಅಣ್ಣ ಅಂದರು.

ಡಾಕ್ಟರ್ ಚಿಕ್ಕ ವಯಸ್ಸಿನವರು. ಮುಖದಲ್ಲಿ ಸುಸ್ತು ಕಾಣುತ್ತಿತ್ತು. ಇಸಿಜಿ ನೋಡಿ, ಹೃದಯಾಘಾತದ ಲಕ್ಷಣ ಏನೂ ಇಲ್ಲ ಅಂದರು. ಆಮೇಲೆ ಬಿಪಿ ಬರೆದಿದ್ದ ಕಡೆ ಕಣ್ಣು ನಿಲ್ಲಿಸಿದರು. 168, ಕೆಳಗೆ 104. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಅಷ್ಟೇನೂ ಇಳಿದಿರಲಿಲ್ಲ.

‘ಬಿಪಿ ಯಾವಾಗಿನಿಂದ?’

‘ಯಾವತ್ತೂ ನೋಡಿಸಿಲ್ಲ ಸಾರ್.’

‘ಬೀಡಿ, ಸಿಗರೇಟು?’

‘ಲೋಡ್ ಹೊಡೆಯೋ ಟೈಮಲ್ಲಿ ಸ್ವಲ್ಪ ಜಾಸ್ತಿ ಸಾರ್.’

‘ತಂದೆ ಇದ್ದಾರಾ?’

ತಮ್ಮ ನನ್ನ ಮುಖ ನೋಡಿದ. ನಾನೇ ಹೇಳಿದೆ. ಅಪ್ಪ 2009ರಲ್ಲಿ ಕಬ್ಬು ಕಡಿಯುವಾಗ ಗದ್ದೆಯಲ್ಲೇ ಕುಸಿದು ಬಿದ್ದರು. ಐವತ್ತೊಂದು ವಯಸ್ಸು. ಎದೆ ಹಿಡಿದುಕೊಂಡಿದ್ದರು, ಮೈಯೆಲ್ಲ ಬೆವರು. ಮೈಸೂರಿಗೆ ಕರೆದುಕೊಂಡು ಹೋಗಲು ಕಾರು ಹುಡುಕುವುದರಲ್ಲೇ ಜೀವ ಹೋಯಿತು. ಹೇಳುತ್ತಾ ಹೇಳುತ್ತಾ ನನಗೇ ಗಂಟಲು ಕಟ್ಟಿತು. ಆಗ ಕೊರೊನಾ ಇರಲಿಲ್ಲ, ಲಸಿಕೆ ಇರಲಿಲ್ಲ. ಊರಿನವರು ಗಾಳಿ ಸೋಕಿತು ಅಂದರು, ನಾವು ಹಣೆಬರಹ ಅಂದುಕೊಂಡೆವು. ಅವರ ಮಕ್ಕಳು ಎದೆ ತೋರಿಸಿಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ‘ನೀವು ಬರಬೇಕಾದವರೇ. ಆದರೆ ಅದಕ್ಕೆ ಕಾರಣ ಲಸಿಕೆಯಲ್ಲ, ಇದು’ ಅಂದರು. ಅಪ್ಪನ ಬಗ್ಗೆ ಬರೆದುಕೊಂಡಿದ್ದ ಸಾಲನ್ನು ತೋರಿಸಿದರು.

ನಾನು ಆದರೂ ಬಿಡಲಿಲ್ಲ. ಹೊರಗೆ ಜನ ಇದ್ದರು, ಗೊತ್ತಿತ್ತು. ಆದರೂ ಊರಿಗೆ ಹೋಗಿ ನಾನು ಹೇಳಬೇಕಲ್ಲ. ‘ಸಾರ್, ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುತ್ತೆ ಅಂತ ಕಂಪನಿಯವರೇ ಒಪ್ಪಿಕೊಂಡಿದ್ದಾರಂತೆ, ಅದು ಸುಳ್ಳಾ?’ ಅಂತ ಕೇಳಿದೆ.

‘ಸುಳ್ಳಲ್ಲ’ ಅಂದರು. ಆ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಕೋವಿಶೀಲ್ಡ್ ಲಸಿಕೆಯನ್ನು ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ಕೋರ್ಟಿನಲ್ಲಿ, ಬಹಳ ಅಪರೂಪಕ್ಕೆ ಅಂಥ ತೊಂದರೆ ಆಗಬಹುದು ಅಂತ ಒಪ್ಪಿಕೊಂಡ ಸುದ್ದಿ 2024ರಲ್ಲಿ ಬಂದಿತ್ತು. ಅದಕ್ಕೆ ಟಿಟಿಎಸ್ ಅಂತಾರೆ. ರಕ್ತ ಹೆಪ್ಪುಗಟ್ಟುವುದು, ಅದರ ಜೊತೆಗೇ ಪ್ಲೇಟ್‌ಲೆಟ್ ಇಳಿಯುವುದು. ಅದು ಬರುವುದಾದರೆ ಸೂಜಿ ಹಾಕಿಸಿದ ಕೆಲವು ದಿನ, ಕೆಲವು ವಾರಗಳಲ್ಲೇ ಬರುತ್ತದೆ. ನಾಲ್ಕು ವರ್ಷ ಮೈಯಲ್ಲಿ ಅಡಗಿ ಕೂತು ಆಮೇಲೆ ಹೃದಯ ನಿಲ್ಲಿಸುವ ವಸ್ತು ಅಲ್ಲ ಅದು. ಆದರೆ ಕೊರೊನಾ ಜೋರಾಗಿ ಬಂದು ಆಸ್ಪತ್ರೆ ಸೇರಿದವರು ಹೃದಯದ ಕಡೆ ಗಮನ ಕೊಡಬೇಕು ಅಂದರು. ನನಗೆ ತಕ್ಷಣ ಹುಣಸೂರಿನ ಬೆಳೆಗಾರರು ನೆನಪಾದರು.

ಹೃದಯದ ಸ್ಕ್ಯಾನ್ ಆದ ಎಕೋಗೆ, ಟ್ರೆಡ್‌ಮಿಲ್ ಪರೀಕ್ಷೆಗೆ ಬೇರೆ ದಿನ ಹೋಗಬೇಕಾಯಿತು. ಅದನ್ನೆಲ್ಲ ವಿವರಿಸುವುದಿಲ್ಲ. ಹೃದಯದ ಪಂಪಿಂಗ್ ಚೆನ್ನಾಗಿದೆ, 60 ಪರ್ಸೆಂಟ್. ರಕ್ತನಾಳದ ಅಡಚಣೆಯ ಸೂಚನೆ ಸಿಗಲಿಲ್ಲ. ಆದರೆ ಹೃದಯದ ಎಡಗಡೆಯ ಗೋಡೆ ಸ್ವಲ್ಪ ದಪ್ಪ ಆಗಿದೆಯಂತೆ. ಬಿಪಿ ತುಂಬಾ ವರ್ಷದಿಂದ ಏರಿ ನಿಂತಿರುವುದರ ಗುರುತು ಅದು. ದಿನಾ ಮಾತ್ರೆ, ಉಪ್ಪು ಕಡಿಮೆ, ಬೀಡಿ ಪೂರ್ತಿ ಬಂದ್ ಅಂದರು. ಎಡಗೈ ಜೋಮು ಸ್ಟೇರಿಂಗ್ ಹಿಡಿದು ಹಿಡಿದು ಕುತ್ತಿಗೆಯಿಂದ ಬಂದದ್ದಿರಬಹುದು ಅಂತಲೂ ಹೇಳಿದರು.

ಊರಿಗೆ ಬಂದ ಮೇಲೆ ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಹತ್ತಿರ ಕೂತು ಅಧ್ಯಯನಗಳ ಬಗ್ಗೆ ಕೇಳಿ ತಿಳಿದುಕೊಂಡೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು ದೇಶದ 47 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದ್ದಾರೆ. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ, ಚೆನ್ನಾಗಿದ್ದು ದಿಢೀರನೆ ತೀರಿಕೊಂಡ 18ರಿಂದ 45 ವಯಸ್ಸಿನ 729 ಜನರ ವಿವರ ತೆಗೆದರು. ಅದೇ ವಯಸ್ಸಿನ, ಅದೇ ಪ್ರದೇಶದ 2,916 ಜನ ಬದುಕಿರುವವರ ಜೊತೆ ಹೋಲಿಸಿದರು. ಲಸಿಕೆಯಿಂದ ಸಾವಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸ್ ಆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಯಾವುದು ಅಂದರೆ, ಮನೆಯಲ್ಲಿ ಹಿಂದೆ ಯಾರಾದರೂ ದಿಢೀರ್ ತೀರಿಕೊಂಡಿರುವುದು, ಕೊರೊನಾದಿಂದ ಆಸ್ಪತ್ರೆ ಸೇರಿರುವುದು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದಿರುವುದು, ಅದೇ ಹೊತ್ತಿನಲ್ಲಿ ಮೈಮುರಿಯುವ ವ್ಯಾಯಾಮ, ಮಾದಕ ವಸ್ತು. ಮೊದಲನೆಯದನ್ನು ಕೇಳಿದಾಗ ನಾನು ಮತ್ತೆ ಅಪ್ಪನ ಹತ್ತಿರ ಹೋಗಿಬಂದೆ.

ಅದೇ ಜುಲೈನಲ್ಲಿ ರಾಜ್ಯದ ಸಮಿತಿಯ ವರದಿಯೂ ಬಂತು. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಅದು. ಆಸ್ಪತ್ರೆಗೆ ಬಂದ 251 ರೋಗಿಗಳನ್ನು ನೋಡಿ, ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ಹೇಳಿತು. ಬಿಪಿ, ಸಕ್ಕರೆ, ಕೊಬ್ಬಿನ ಕಡೆ ಬೆರಳು ತೋರಿಸಿತು. ಭಯ ಹರಡಿದಾಗ ನಮ್ಮೂರಿನ ಟಿವಿಗಳಲ್ಲಿ ದಿನವಿಡೀ ಅದೇ ಇತ್ತು. ಉತ್ತರ ಬಂದಾಗ ಎಷ್ಟು ಜನ ನೋಡಿದರು? ನಾನು ಕೇಳಿದವರಲ್ಲಿ ಹೆಚ್ಚಿನವರಿಗೆ ವರದಿ ಬಂದದ್ದೇ ಗೊತ್ತಿರಲಿಲ್ಲ. ಇದು ಅನ್ಯಾಯ. ಮುಖ್ಯಮಂತ್ರಿ ಪ್ರಶ್ನೆ ಕೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ತಮ್ಮಂದಿರನ್ನು, ಮಕ್ಕಳನ್ನು ಕಳೆದುಕೊಂಡವರು ಕೇಳಬಾರದು ಅಂತಲೂ ಹೇಳುವುದಿಲ್ಲ. ಆದರೆ ಕೇಳಿದಷ್ಟೇ ಜೋರಾಗಿ ಉತ್ತರವನ್ನೂ ಹೇಳಬೇಕು. ಪ್ರತಿ ಪಂಚಾಯಿತಿಯ ಗೋಡೆಗೆ, ನಾವು ಓದುವ ಕನ್ನಡದಲ್ಲಿ, ಒಂದು ಪುಟದಲ್ಲಿ ಅಂಟಿಸಬೇಕು. ಅಪರೂಪದ ತೊಂದರೆ ಇದ್ದದ್ದನ್ನೂ ಅದರಲ್ಲೇ ಬರೆಯಬೇಕು. ಮುಚ್ಚಿಟ್ಟರೆ ಜನ ಇನ್ನೊಂದು ಕಡೆ ಅದನ್ನು ಹತ್ತು ಪಟ್ಟು ದೊಡ್ಡದಾಗಿ ಕೇಳಿಸಿಕೊಳ್ಳುತ್ತಾರೆ.

ನಾನು ಅಂಗನವಾಡಿ ಜಗಲಿಯಲ್ಲೇ ಶುರು ಮಾಡಿದೆ. ಉಪಕೇಂದ್ರದ ಸಿಸ್ಟರ್ ಬಿಪಿ ಮೆಷಿನ್ ತಂದರು. 2021ರಲ್ಲಿ ಸೂಜಿಗೆ ಕರೆದ ಮನೆಗಳಿಗೇ ಮತ್ತೆ ಹೋದೆ. ‘ಈ ಸಲ ಸೂಜಿ ಇಲ್ಲ, ತೋಳಿಗೆ ಪಟ್ಟಿ ಸುತ್ತೋದು ಅಷ್ಟೇ’ ಅಂದೆ. ಬಂದವರಿಗೆಲ್ಲ ಎರಡೇ ಪ್ರಶ್ನೆ. ಮನೆಯಲ್ಲಿ ಯಾರಾದರೂ ದಿಢೀರ್ ಹೋಗಿದ್ದಾರಾ? ಕೊರೊನಾಗೆ ಆಸ್ಪತ್ರೆ ಸೇರಿದ್ರಾ? ಎಷ್ಟು ಮನೆಗಳಲ್ಲಿ ಅಪ್ಪ, ದೊಡ್ಡಪ್ಪ, ಮಾವ ಹೀಗೇ ಗದ್ದೆಯಲ್ಲಿ, ಜಾತ್ರೆಯಲ್ಲಿ, ನಿದ್ದೆಯಲ್ಲಿ ಹೋಗಿದ್ದಾರೆ ಅಂತ ಆಗ ಹೊರಗೆ ಬಂತು. ಅವೆಲ್ಲ 2020ಕ್ಕಿಂತ ಹಿಂದಿನ ಸಾವುಗಳೇ ಜಾಸ್ತಿ. ಹೇಳಿ ಅತ್ತವರೂ ಇದ್ದರು. ಲೆಕ್ಕಕ್ಕೆ ಸಿಗದೆ ಹೋದ ಸಾವುಗಳು ಅವು.

ಇನ್ನೊಂದು ಮಾತನ್ನು ಎಲ್ಲರಿಗೂ ಒತ್ತಿ ಹೇಳುತ್ತಿದ್ದೇನೆ. ಎದೆ ಮಧ್ಯೆ ಹಿಂಡಿದ ಹಾಗೆ ನೋವು, ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿದು ಮಲಗಬೇಡಿ. ಮೈಸೂರಿನ ಬಸ್ಸಿಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. 2009ರಲ್ಲಿ ಇದು ನಮಗೆ ಸಿಕ್ಕಿದ್ದರೆ ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ತಮ್ಮ ಮಾತ್ರೆ ತಪ್ಪಿಸುತ್ತಿಲ್ಲ. ಬೀಡಿ ಪೂರ್ತಿ ಬಿಟ್ಟಿಲ್ಲ, ಅದಕ್ಕೆ ಇನ್ನೂ ಜಗಳ ನಡೆಯುತ್ತಿದೆ. ಮೇಲಿನ ಬೀದಿಯ ಚಿಕ್ಕಪ್ಪ ಒಬ್ಬರಿದ್ದಾರೆ. ‘ನೀನೇನೇ ಹೇಳು ಕಣವ್ವ, ಆ ಸೂಜಿ ಹಾಕಿಸ್ಕೊಂಡ ಮೇಲೇ ನಂಗೆ ಶಕ್ತಿ ಹೋಯ್ತು’ ಅನ್ನುತ್ತಾರೆ. ಅವರ ಜೊತೆ ವಾದ ಮುಗಿದಿಲ್ಲ. ಬಿಪಿ ಮಾತ್ರ ತಪ್ಪದೆ ನೋಡಿಸಿಕೊಳ್ಳುತ್ತಾರೆ, ಸಕ್ಕರೆ ನೋಡಿಸುವುದಕ್ಕೂ ಒಪ್ಪಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಹೇಳಿದ್ದೇನೆ.